ಅರ್ಧ ಫೀಸು ಮಾಫಿ ಅಂದ್ರೆ ಯಾವುದರ ಅರ್ಧ?

ಕಸುಬು ಕಲಿಸೋ ಸಣ್ಣ ಕಾಲೇಜುಗಳ ಫೀಸು, ಸ್ಕಾಲರ್‌ಶಿಪ್ಪು, ಸಾಲ ಇದರ ಬಗ್ಗೆ ಪ್ರಶ್ನೆ ಕಳಿಸಿ ಅಂತ ಹೋದ ಸಂಚಿಕೇಲಿ ಕೇಳಿದ್ವಿ. ಒಂದೇ ಥರ ಇದ್ದ ಪತ್ರಗಳನ್ನ ಸೇರಿಸಿ ಚಿಕ್ಕದು ಮಾಡಿದೀನಿ, ಹೆಸರು ಯಾರದ್ದೂ ಹಾಕಿಲ್ಲ. ರೂಲ್ಸು ದೇಶದಿಂದ ದೇಶಕ್ಕೆ ಬೇರೆ ಇರುತ್ತೆ, ಆದ್ರೆ ಬಿಲ್ಲು ಬೆಳೆಯೋ ರೀತಿ ಮತ್ತೆ ಜನ ಸಿಕ್ಕಿಹಾಕ್ಕೊಳ್ಳೋ ರೀತಿ ಎಲ್ಲಾ ಕಡೆ ಒಂದೇ, ಅದಕ್ಕೇ ಉದಾಹರಣೆಗಳನ್ನ ಎಲ್ಲೆಲ್ಲಿಂದಲೋ ತಂದಿದೀನಿ.

ಪ್ರಶ್ನೆ: ಮೇಡಂ, ಮಗ ವೆಲ್ಡಿಂಗ್ ಕೋರ್ಸಿಗೆ ಸೇರ್ತೀನಿ ಅಂತಾನೆ. ಬ್ರೋಷರ್‌ನಲ್ಲಿ ಒಂದು ಫೀಸು, ಆಫೀಸಲ್ಲಿ ಕೇಳಿದ್ರೆ ಇನ್ನೊಂದು. ಅಷ್ಟು ಚಿಕ್ಕ ಕಾಲೇಜಿಗೆ ಇಷ್ಟೊಂದು ಯಾಕೆ? ಡಿಗ್ರಿ ಓದಿಸೋದೇ ಇದಕ್ಕಿಂತ ಅಗ್ಗ ಅನ್ಸುತ್ತೆ.

ಚಿಕ್ಕದು ಅನ್ನೋದೇ ಒಂದು ಕಾರಣ. ಡಿಗ್ರಿ ಕ್ಲಾಸಲ್ಲಿ ಒಬ್ರು ಮೇಷ್ಟ್ರು ನೂರು ಜನಕ್ಕೆ ಪಾಠ ಮಾಡಬಹುದು, ವೆಲ್ಡಿಂಗ್ ವರ್ಕ್‌ಶಾಪಲ್ಲಿ ಅದು ಆಗಲ್ಲ, ಒಬ್ಬೊಬ್ರ ಕೈ ಹಿಡಿದು ತೋರಿಸ್ಬೇಕು, ಹಿಂದೆ ನಿಂತು ನೋಡ್ಬೇಕು, ಇಲ್ಲಾಂದ್ರೆ ಯಾರದ್ದಾದ್ರೂ ಕಣ್ಣು ಹೋಗುತ್ತೆ. ಮತ್ತೆ ಕಲಿಯೋಕೆ ಸುಡೋ ರಾಡು, ಗ್ಯಾಸು, ಕತ್ತರಿಸಿ ಬಿಸಾಕೋ ಪ್ಲೇಟು, ಇದೆಲ್ಲ ಪುಸ್ತಕದ ಥರ ಮುಂದಿನ ವರ್ಷದವರಿಗೆ ಕೊಡೋಕಾಗಲ್ಲ, ಖಾಲಿ ಆಗಿಹೋಗುತ್ತೆ. ಮೆಷಿನ್ನು, ಕಟ್ಟಡ, ಇನ್ಶೂರೆನ್ಸು, ಪರೀಕ್ಷಾ ಮಂಡಳಿಗೆ ಕಟ್ಟೋ ದುಡ್ಡು ಇವೆಲ್ಲ ಇನ್ನೂರು ಜನ ಇದ್ರೂ ಅಷ್ಟೇ ನಲವತ್ತು ಜನ ಇದ್ರೂ ಹೆಚ್ಚುಕಮ್ಮಿ ಅಷ್ಟೇ, ಹಂಚಿಕೊಳ್ಳೋ ತಲೆ ಕಮ್ಮಿ ಆದಷ್ಟೂ ಪಾಲು ಜಾಸ್ತಿ. ಅರ್ಥಶಾಸ್ತ್ರಜ್ಞ ವಿಲಿಯಂ ಬೋಮೊಲ್ 1960ರ ದಶಕದಲ್ಲಿ ಇದನ್ನ ಇನ್ನೊಂದು ಕಡೆಯಿಂದ ವಿವರಿಸಿದ್ರು: ಫ್ಯಾಕ್ಟರಿಯಲ್ಲಿ ಒಬ್ಬ ಕೆಲಸಗಾರ ಮಾಡೋ ಉತ್ಪಾದನೆ ವರ್ಷ ವರ್ಷ ಏರುತ್ತೆ, ಆದ್ರೆ ಮನುಷ್ಯರೇ ಕೂತು ಮಾಡ್ಬೇಕಾದ ಕೆಲಸದಲ್ಲಿ ಸಮಯ ಉಳಿಸೋಕಾಗಲ್ಲ, ಸಂಬಳ ಮಾತ್ರ ಎಲ್ಲರ ಜೊತೆ ಏರ್ತಾ ಹೋಗುತ್ತೆ. ಕಸುಬು ಕಲಿಸೋದಕ್ಕೆ ಈ ಮಾತು ಚೆನ್ನಾಗಿ ಹೊಂದುತ್ತೆ.

ಅಲ್ಲಿಗೆ ಕಾಲೇಜಿನವರ ಪರವಾಗಿ ಹೇಳ್ಬೇಕಾದ್ದು ಮುಗೀತು. ಬ್ರೋಷರ್‌ನಲ್ಲಿ ಒಂದು ಹೇಳಿ ಆಫೀಸಲ್ಲಿ ಇನ್ನೊಂದು ಹೇಳೋದಕ್ಕೆ ಬೋಮೊಲ್ ಕಾರಣ ಅಲ್ಲ! ಬ್ರೋಷರ್‌ನಲ್ಲಿ ಇರೋದು ಸಾಮಾನ್ಯವಾಗಿ ಟ್ಯೂಷನ್ ಫೀಸು ಮಾತ್ರ. ಅದರ ಮೇಲೆ ಅಡ್ಮಿಷನ್ನು, ರಿಜಿಸ್ಟ್ರೇಷನ್ನು, ವರ್ಕ್‌ಶಾಪ್ ಫೀಸು, ಮೆಟೀರಿಯಲ್ಲು, ಟೂಲ್ ಕಿಟ್ಟು, ಹೆಲ್ಮೆಟ್ಟು, ಸೇಫ್ಟಿ ಶೂ, ಯೂನಿಫಾರಂ, ಪರೀಕ್ಷೆ ಫೀಸು, ಕೊನೆಗೆ ಸರ್ಟಿಫಿಕೇಟಿಗೂ ಒಂದು ಫೀಸು, ಜೊತೆಗೆ ವಾಪಸ್ ಬರುತ್ತೆ ಅಂತ ಹೇಳೋ ಡೆಪಾಸಿಟ್ಟು. ನೀವು ಕೇಳ್ಬೇಕಾದ ಪ್ರಶ್ನೆ ಒಂದೇ, "ಸೇರಿದ ದಿನದಿಂದ ಸರ್ಟಿಫಿಕೇಟ್ ಕೈಗೆ ಬರೋವರೆಗೂ ಒಟ್ಟು ಎಷ್ಟು, ಯಾವ್ಯಾವ ತಿಂಗಳು ಎಷ್ಟೆಷ್ಟು, ಇದನ್ನ ಲೆಟರ್‌ಹೆಡ್ ಮೇಲೆ ಬರೆದು ಸಹಿ ಹಾಕಿ ಕೊಡಿ" ಅನ್ನಿ. ಕೊಡಲ್ಲ ಅಂದ್ರೆ ನಿಮಗೆ ಉತ್ತರ ಸಿಕ್ಕಿದ ಹಾಗೇನೇ. ಟೂಲ್ ಕಿಟ್ ಅವರಲ್ಲೇ ತಗೋಬೇಕಾ ಹೊರಗಡೆ ತಗೋಬಹುದಾ ಅಂತಾನೂ ಕೇಳಿ, ಎಷ್ಟೋ ಕಡೆ ಲಾಭ ಇರೋದು ಪಾಠದಲ್ಲಿ ಅಲ್ಲ ಕಿಟ್ಟಲ್ಲಿ.

ಪ್ರಶ್ನೆ: ಈ ವಾರದೊಳಗೆ ಸೇರಿದ್ರೆ 50 ಪರ್ಸೆಂಟ್ ಸ್ಕಾಲರ್‌ಶಿಪ್ ಅಂತಿದಾರೆ. ಎರಡು ವರ್ಷದ ಕೋರ್ಸು. ಬಿಡೋದಾ?

ಲೆಕ್ಕ ಹಾಕೋಣ. ಒಂದು ವರ್ಷದ ಒಟ್ಟು ಖರ್ಚು 100 ಅಂತ ಇಟ್ಕೊಳ್ಳಿ, ಅದರಲ್ಲಿ ಟ್ಯೂಷನ್ 60, ಮೇಲೆ ಹೇಳಿದ ಉಳಿದಿದ್ದೆಲ್ಲ ಸೇರಿ 40. ಸ್ಕಾಲರ್‌ಶಿಪ್ ಟ್ಯೂಷನ್ ಮೇಲೆ ಮಾತ್ರ ಅಂದ್ರೆ ನಿಮಗೆ ಬಿಟ್ಟಿದ್ದು 30, ನೀವು ಕಟ್ಟೋದು 70. ಇನ್ನು ಅದು ಮೊದಲ ವರ್ಷಕ್ಕೆ ಮಾತ್ರ ಆಗಿದ್ರೆ (ಬಹಳ ಸಲ ಹಾಗೇ ಇರುತ್ತೆ, ಸಣ್ಣ ಅಕ್ಷರದಲ್ಲಿ) ಎರಡು ವರ್ಷದ 200ರಲ್ಲಿ ನೀವು 170 ಕಟ್ತೀರಿ. ಐವತ್ತು ಪರ್ಸೆಂಟ್ ಅಂತ ಹೇಳಿದ್ದು ಹದಿನೈದಾಯ್ತು. ಯಾರೂ ಸುಳ್ಳು ಹೇಳಿಲ್ಲ ನೋಡಿ, ಅದೇ ತಮಾಷೆ.

ಇನ್ನೊಂದು ವಿಷಯ. ಸ್ಕಾಲರ್‌ಶಿಪ್ ದುಡ್ಡು ಎಲ್ಲಿಂದ ಬರುತ್ತೆ ಅಂತ ನೋಡಿ. ಸರ್ಕಾರನೋ ಟ್ರಸ್ಟೋ ಕಂಪನಿನೋ ಹೊರಗಿಂದ ಕೊಡ್ತಿದ್ರೆ ಅದು ನಿಜವಾದ ದುಡ್ಡು, ಕಾಲೇಜೇ ಕೊಡ್ತಿದೆ ಅಂದ್ರೆ ಅದು ಬರೀ ಡಿಸ್ಕೌಂಟು, ಫೀಸು ಏರಿಸಿ ಬರೆದು ಆಮೇಲೆ ಇಳಿಸಿದ್ದು ಇರಬಹುದು. ಡಿಸ್ಕೌಂಟ್ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ, ಸಿಕ್ಕಿದ್ರೆ ತಗೊಳ್ಳಿ, ಆದ್ರೆ ಅದನ್ನ ಗೌರವ ಅಂದುಕೊಂಡು ಕರಗಬೇಡಿ. ಪಕ್ಕದ ಕಾಲೇಜು ಸ್ಕಾಲರ್‌ಶಿಪ್ಪೇ ಇಲ್ಲ ಅಂತ ಹೇಳಿ ವರ್ಷಕ್ಕೆ 65 ತಗೊಳ್ತಿದ್ರೆ ಅದೇ ಅಗ್ಗ. ಹೋಲಿಸ್ಬೇಕಾದ್ದು ಎಷ್ಟು ಬಿಟ್ರು ಅನ್ನೋದನ್ನಲ್ಲ, ಕೊನೆಗೆ ನಿಮ್ಮ ಜೇಬಿಂದ ಎಷ್ಟು ಹೋಗುತ್ತೆ ಅನ್ನೋದನ್ನ.

ಮತ್ತೆ ಕಂಡೀಷನ್ನು. ಹಾಜರಿ ಇಷ್ಟಕ್ಕಿಂತ ಕಮ್ಮಿ ಆದ್ರೆ ಹೋಯ್ತು, ಒಂದು ಪೇಪರ್ ಫೇಲಾದ್ರೆ ಹೋಯ್ತು, ಅಂತೆಲ್ಲ ಇರುತ್ತೆ. ಹೋದ್ರೆ ಮುಂದಿನದು ಮಾತ್ರ ಹೋಗುತ್ತಾ ಅಥವಾ ಆಗಲೇ ಕೊಟ್ಟಿದ್ದನ್ನೂ ವಾಪಸ್ ಕೇಳ್ತಾರಾ ಅಂತ ಕೇಳಿ. ಈ ವಾರದೊಳಗೆ ಅನ್ನೋದಕ್ಕಂತೂ ಹೆದರಬೇಡಿ, ಸೀಟು ತುಂಬದೇ ಇರೋ ಕಾಲೇಜಿಗೆ ಮುಂದಿನ ವಾರವೂ ನೀವು ಬೇಕು.

ಪ್ರಶ್ನೆ: ಒಬ್ಬ ಏಜೆಂಟ್ ಮನೆಗೇ ಬಂದು ನಿಮ್ಮ ಕೈಯಿಂದ ಏನೂ ಹಾಕೋದು ಬೇಡ, ಸರ್ಕಾರದ ಲೋನ್ ಆಗುತ್ತೆ, ಸೇರಿದ ತಕ್ಷಣ ಲ್ಯಾಪ್‌ಟಾಪ್ ಫ್ರೀ ಅಂತ ಹೇಳಿ ಫಾರಂ ಕೊಟ್ಟು ಹೋಗಿದಾನೆ. ನಂಬಬಹುದಾ?

ಸಹಿ ಹಾಕಬೇಡಿ. ಈ ಕಥೆ ಆಸ್ಟ್ರೇಲಿಯಾದಲ್ಲಿ ಪೂರ್ತಿ ಆಗಿಹೋಗಿದೆ. ಅಲ್ಲಿ ಯೂನಿವರ್ಸಿಟಿ ವಿದ್ಯಾರ್ಥಿಗಳಿಗೆ 1989ರಿಂದ ಒಂದು ಒಳ್ಳೆ ವ್ಯವಸ್ಥೆ ಇತ್ತು, ಫೀಸನ್ನ ಸರ್ಕಾರ ಕಟ್ಟುತ್ತೆ, ನೀವು ದುಡಿಯೋಕೆ ಶುರು ಮಾಡಿ ಸಂಬಳ ಒಂದು ಮಟ್ಟ ದಾಟಿದ ಮೇಲೆ ಟ್ಯಾಕ್ಸ್ ಜೊತೆ ಸ್ವಲ್ಪ ಸ್ವಲ್ಪ ಕಡಿತ ಆಗುತ್ತೆ. ಆಮೇಲೆ ಇದನ್ನೇ ವೆಟ್ ಫೀ ಹೆಲ್ಪ್ ಅನ್ನೋ ಹೆಸರಲ್ಲಿ ಕಸುಬಿನ ಕೋರ್ಸುಗಳಿಗೂ ಕೊಟ್ರು. ಖಾಸಗಿ ಕಾಲೇಜುಗಳು ಕಮಿಷನ್ ಏಜೆಂಟರನ್ನ ಬಿಟ್ವು, ಅವರು ಮನೆ ಮನೆಗೆ ಹೋಗಿ ಲ್ಯಾಪ್‌ಟಾಪ್ ಆಸೆ ತೋರಿಸಿ, ಓದು ಮುಗಿಸೋ ಸಾಧ್ಯತೆನೇ ಇಲ್ಲದವರ ಹತ್ರಾನೂ ಸಹಿ ಹಾಕಿಸ್ಕೊಂಡ್ರು, ಕಾಲೇಜಿಗೆ ಸರ್ಕಾರದಿಂದ ದುಡ್ಡು ಬಂತು, ಸಾಲ ಮಾತ್ರ ಆ ಜನರ ಹೆಸರಲ್ಲಿ ಉಳೀತು. 2015ರಲ್ಲಿ ಇಂಥ ಆಮಿಷಗಳನ್ನ ನಿಷೇಧ ಮಾಡಿದ್ರು, ಅದೂ ಸಾಲದೇ 2016ರ ಕೊನೆಗೆ ಇಡೀ ಸ್ಕೀಮನ್ನೇ ಮುಚ್ಚಿ, 2017ರಿಂದ ಸಾಲಕ್ಕೆ ಮಿತಿ ಇರೋ, ಇಂತಿಂಥ ಕೋರ್ಸಿಗೆ ಮಾತ್ರ ಅಂತ ಪಟ್ಟಿ ಇರೋ ಬೇರೆ ಸ್ಕೀಮ್ ತಂದ್ರು.

ಇದಕ್ಕಿಂತ ಹಳೇದು ಬೇಕು ಅಂದ್ರೆ ಅಮೆರಿಕದ ಜಿಐ ಬಿಲ್. 1944ರ ಈ ಕಾನೂನಲ್ಲಿ ಎರಡನೇ ಮಹಾಯುದ್ಧದಿಂದ ವಾಪಸ್ ಬಂದ ಸೈನಿಕರ ಓದಿನ ಖರ್ಚನ್ನ ಸರ್ಕಾರ ಕೊಡ್ತು. ಕಾಲೇಜಿಗೆ ಹೋದವರು ಸುಮಾರು 22 ಲಕ್ಷ, ಆದ್ರೆ ಅದಕ್ಕಿಂತ ಎಷ್ಟೋ ಜಾಸ್ತಿ, ಸುಮಾರು 56 ಲಕ್ಷ ಜನ, ಕಸುಬು ಮತ್ತೆ ಬೇರೆ ತರಬೇತಿಗಳಿಗೆ ಹೋದ್ರು, ಈ ಭಾಗ ಯಾರೂ ಅಷ್ಟಾಗಿ ಹೇಳಲ್ಲ. ಫೀಸು ನೇರ ಶಾಲೆಗೆ ಹೋಗ್ತಿದ್ದರಿಂದ ಆ ದುಡ್ಡಿಗೋಸ್ಕರಾನೇ ಟ್ರೇಡ್ ಸ್ಕೂಲುಗಳು ಹುಟ್ಕೊಂಡ್ವು. 1952ರಲ್ಲಿ ಹೊಸ ಕಾನೂನು ತಂದಾಗ ಎರಡು ಬದಲಾವಣೆ ಮಾಡಿದ್ರು, ದುಡ್ಡು ಶಾಲೆಗಲ್ಲ ಸೈನಿಕರ ಕೈಗೇ ಕೊಡೋದು, ಮತ್ತೆ ಒಂದು ಕೋರ್ಸಲ್ಲಿ ಸರ್ಕಾರದ ದುಡ್ಡಲ್ಲಿ ಓದೋರು 85 ಪರ್ಸೆಂಟ್ ದಾಟಬಾರದು ಅನ್ನೋದು. ಈ ಎರಡನೇದು ನನಗೆ ತುಂಬಾ ಇಷ್ಟ, ಯಾಕಂದ್ರೆ ಇದನ್ನ ನೀವು ಮನೇಲೇ ಕೂತು ಪ್ರಯೋಗ ಮಾಡಬಹುದು. ಈ ಕೋರ್ಸಿಗೆ ತಮ್ಮ ಸ್ವಂತ ದುಡ್ಡು ಕೊಟ್ಟು ಸೇರಿದವರು ಯಾರಾದ್ರೂ ಇದಾರಾ, ಯಾವುದಾದ್ರೂ ಕಂಪನಿ ತನ್ನ ಕೆಲಸಗಾರರನ್ನ ದುಡ್ಡು ಕೊಟ್ಟು ಇಲ್ಲಿಗೆ ಕಳಿಸುತ್ತಾ ಅಂತ ವಿಚಾರಿಸಿ. ಒಬ್ಬರೂ ಇಲ್ಲ, ಎಲ್ಲಾ ಲೋನಿನವರೇ ಅಂದ್ರೆ ಆ ಫೀಸಿನ ಬೆಲೆ ಯಾರೂ ಪರೀಕ್ಷೆ ಮಾಡಿಲ್ಲ ಅಂತ.

ಪ್ರಶ್ನೆ: ಲೋನ್ ಬಡ್ಡಿ ಎರಡು ಕಡೆ ಕೇಳಿದೆ. ಬ್ಯಾಂಕಲ್ಲಿ 12 ಪರ್ಸೆಂಟ್. ಕಾಲೇಜಿನವರೇ ಮಾಡಿಸಿಕೊಡೋ ಫೈನಾನ್ಸಲ್ಲಿ 10 ಪರ್ಸೆಂಟ್ ಫ್ಲಾಟ್, ಮೂರು ವರ್ಷ. ಎರಡನೇದೇ ಕಮ್ಮಿ ಅಲ್ವಾ?

ಅಲ್ಲ. ಫ್ಲಾಟ್ ಅಂದ್ರೆ ನೀವು ತಿಂಗಳು ತಿಂಗಳು ಅಸಲು ತೀರಿಸ್ತಾ ಹೋದ್ರೂ ಬಡ್ಡಿ ಮಾತ್ರ ಮೊದಲ ದಿನದ ಪೂರ್ತಿ ಸಾಲದ ಮೇಲೆ ಕೊನೇವರೆಗೂ ಹಾಕ್ತಾರೆ. 100 ತಗೊಂಡ್ರೆ ಮೂರು ವರ್ಷಕ್ಕೆ 30 ಬಡ್ಡಿ, ಒಟ್ಟು 130ನ್ನ 36 ಕಂತು ಮಾಡ್ತಾರೆ. ಬ್ಯಾಂಕ್ ಲೆಕ್ಕ ಹಾಕೋ ಹಾಗೆ ಉಳಿದ ಸಾಲದ ಮೇಲೆ ಮಾತ್ರ ಬಡ್ಡಿ ಅಂತ ತಿರುಗಿಸಿದ್ರೆ ಅದು ವರ್ಷಕ್ಕೆ ಹೆಚ್ಚುಕಮ್ಮಿ 18 ಪರ್ಸೆಂಟ್ ಆಗುತ್ತೆ. ನಿಮ್ಮ 12 ಎಲ್ಲಿ, ಇದೆಲ್ಲಿ. ಪ್ರೊಸೆಸಿಂಗ್ ಫೀಸು ಅಂತ ಮೊದಲೇ ಹಿಡ್ಕೊಂಡು ಕೊಡ್ತಿದ್ರೆ ಇನ್ನೂ ಮೇಲೆ.

ಬ್ಯಾಂಕ್ ಸಾಲದಲ್ಲೂ ಒಂದು ಕಡೆ ಹುಷಾರಾಗಿರಿ. ಓದು ಮುಗಿದು ಆರು ತಿಂಗಳೋ ಒಂದು ವರ್ಷನೋ ಆಗೋವರೆಗೂ ಕಂತು ಕಟ್ಟಬೇಕಾಗಿಲ್ಲ ಅಂತ ಹೇಳಿದಾಗ ಬಡ್ಡಿನೂ ನಿಂತಿರುತ್ತೆ ಅಂದ್ಕೋತಾರೆ ಜನ. ನಿಂತಿರಲ್ಲ. ಸರ್ಕಾರನೋ ಇನ್ಯಾರೋ ಆ ಅವಧಿಯ ಬಡ್ಡಿ ಕಟ್ಟೋ ಸ್ಕೀಮಲ್ಲಿದ್ರೆ ಸರಿ, ಇಲ್ಲಾಂದ್ರೆ 100ಕ್ಕೆ 12ರ ಹಾಗೆ ಎರಡು ವರ್ಷ ಓದು, ಮೇಲೆ ಆರು ತಿಂಗಳು, ಬರೀ ಸರಳ ಬಡ್ಡಿ ಹಾಕಿದ್ರೂ 30. ಅದನ್ನ ಅಸಲಿಗೆ ಸೇರಿಸಿ ಮೊದಲ ಕಂತು 130ರ ಮೇಲೆ ಶುರುವಾಗುತ್ತೆ. ಓದೋವಾಗ್ಲೇ ತಿಂಗಳ ಬಡ್ಡಿ ಮಾತ್ರ ಕಟ್ತಾ ಹೋಗೋಕಾದ್ರೆ ಸಾಲ 100ರಲ್ಲೇ ನಿಲ್ಲುತ್ತೆ, ಪಾರ್ಟ್ ಟೈಮ್ ಕೆಲಸ ಸಿಕ್ಕಿದ್ರೆ ಮೊದಲು ಅದನ್ನ ಮಾಡಿ. ಮತ್ತೆ ಸಾಲ ಬೇಕಾದಷ್ಟೇ ತಗೊಳ್ಳಿ, ಸ್ಯಾಂಕ್ಷನ್ ಆಯ್ತು ಅಂತ ಪೂರ್ತಿ ಎತ್ತೋದು ಬೇಡ. ಆರಂಭದ ಸಂಬಳ ಎಷ್ಟು ಬರುತ್ತೆ ಅಂತ ಕಾಲೇಜನ್ನ ಕೇಳಬೇಡಿ, ಹೋದ ವರ್ಷ ಮುಗಿಸಿದ ಮೂರು ನಾಲ್ಕು ಹುಡುಗರನ್ನ ಹುಡುಕಿ ಕೇಳಿ, ಸಣ್ಣ ಕಾಲೇಜಲ್ಲಿ ಅವರು ಸಿಗೋದು ಕಷ್ಟ ಅಲ್ಲ.

ಪ್ರಶ್ನೆ: ಈಗ ಫೀಸೇ ಇಲ್ಲ, ಕೆಲಸ ಸಿಕ್ಕಿದ ಮೇಲೆ ಸಂಬಳದಲ್ಲಿ ಇಷ್ಟು ಪಾಲು ಕೊಟ್ರೆ ಸಾಕು ಅನ್ನೋ ಕೋರ್ಸ್ ಹೇಗೆ?

ಹೊಸ ಐಡಿಯಾ ಅಂತ ಮಾರ್ತಾರೆ, ಆದ್ರೆ ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್‌ಮನ್ 1955ರಲ್ಲೇ ಇದನ್ನ ಹೇಳಿದ್ರು, ಅದೂ ಕಸುಬಿನ ಶಿಕ್ಷಣದ ಬಗ್ಗೆ ಮಾತಾಡ್ತಾನೇ. 1971ರಲ್ಲಿ ಅಮೆರಿಕದ ಯೇಲ್ ಯೂನಿವರ್ಸಿಟಿ ಇಂಥದ್ದೇ ಒಂದನ್ನ ಮಾಡ್ತು, ಒಂದು ಬ್ಯಾಚಿನ ಇಡೀ ಸಾಲ ತೀರೋವರೆಗೂ ಎಲ್ಲರೂ ಆದಾಯದ ಪಾಲು ಕೊಡ್ತಿರಬೇಕು ಅಂತ. ಕೆಲವರು ಕಟ್ಟಲಿಲ್ಲ, ಕಟ್ಟೋರು ವರ್ಷಗಟ್ಟಲೆ ಕಟ್ತಾನೇ ಇದ್ರು, ಕೊನೆಗೆ ಯೂನಿವರ್ಸಿಟಿನೇ ಕೈಬಿಡ್ತು. ನೀವು ಅಗ್ರಿಮೆಂಟಲ್ಲಿ ನೋಡ್ಬೇಕಾದ್ದು: ಎಷ್ಟು ಸಂಬಳದ ಕೆಳಗೆ ಇದ್ರೆ ಕಟ್ಟಬೇಕಾಗಿಲ್ಲ, ಎಷ್ಟು ತಿಂಗಳಿಗೆ ನಿಲ್ಲುತ್ತೆ, ಒಟ್ಟು ಇಷ್ಟಕ್ಕಿಂತ ಜಾಸ್ತಿ ಕಟ್ಟೋ ಹಾಗಿಲ್ಲ ಅನ್ನೋ ಮಿತಿ ಇದೆಯಾ, ಮತ್ತೆ ಯಾವ ಕೆಲಸ ಸಿಕ್ಕಿದ್ರೂ ಕೊಡಬೇಕಾ ಅಥವಾ ಕಲಿತ ಕಸುಬಿನ ಕೆಲಸಕ್ಕೆ ಮಾತ್ರನಾ. ಮಿತಿ ಇಲ್ಲ ಅಂದ್ರೆ ಬೇಡ.

ಪ್ರಶ್ನೆ: ಹತ್ತು ವಾರದ ಕೋರ್ಸಿಗೆ ಸಹಾಯಧನ ಇಲ್ಲ ಅಂದ್ರು, ಅದೇ ಕಾಲೇಜಿನ ಒಂದು ವರ್ಷದ ಕೋರ್ಸಿಗೆ ಇದೆಯಂತೆ. ಯಾಕೆ ಹೀಗೆ?

ಸರ್ಕಾರದ ನೆರವು ಸಾಮಾನ್ಯವಾಗಿ ಕೋರ್ಸಿಗೆ ಅಂಟಿಕೊಂಡಿರುತ್ತೆ, ಕಾಲೇಜಿಗೆ ಮಾನ್ಯತೆ ಇದ್ದ ಮಾತ್ರಕ್ಕೆ ಅಲ್ಲಿರೋ ಎಲ್ಲಾ ಕೋರ್ಸಿಗೂ ಸಿಗಲ್ಲ. ಅಮೆರಿಕದಲ್ಲಿ ಪೆಲ್ ಗ್ರಾಂಟ್ ಅಂತ ವಾಪಸ್ ಕೊಡಬೇಕಿಲ್ಲದ ನೆರವು ಇದೆ, 1972ರ ಕಾನೂನಿಂದ ಬಂದಿದ್ದು, ಅದಕ್ಕೆ ಕಸುಬಿನ ಕೋರ್ಸ್ ಸಾಮಾನ್ಯವಾಗಿ 15 ವಾರ, 600 ಗಂಟೆನಾದ್ರೂ ಇರಬೇಕಿತ್ತು, ಅದಕ್ಕೇ ಎಷ್ಟೋ ಕಾಲೇಜುಗಳು ಕೋರ್ಸನ್ನ ಆ ಗಂಟೆಗೆ ಸರಿಯಾಗಿ ಹೊಲಿತಿದ್ವು. 2025ರಲ್ಲಿ ಕಾನೂನು ಬದಲಾಯಿಸಿ 2026ರ ಜುಲೈನಿಂದ 8 ವಾರದ ಕೋರ್ಸಿಗೂ ದಾರಿ ಮಾಡಿದಾರೆ, ಕಂಡೀಷನ್ ಮೇಲೆ. ನಿಮ್ಮ ವಿಷಯದಲ್ಲಿ ನೆರವು ಇದೆ ಅನ್ನೋ ಒಂದೇ ಕಾರಣಕ್ಕೆ ಉದ್ದದ ಕೋರ್ಸ್ ತಗೋಬೇಡಿ. ಹತ್ತು ತಿಂಗಳು ಜಾಸ್ತಿ ಕ್ಲಾಸಲ್ಲಿ ಕೂತ್ರೆ ಹತ್ತು ತಿಂಗಳ ದುಡಿಮೆ ಹೋಗುತ್ತೆ, ಅದೂ ಖರ್ಚೇ, ಯಾವ ಬ್ರೋಷರ್‌ನಲ್ಲೂ ಬರೆಯಲ್ಲ. ಇದಕ್ಕೆ ಉಲ್ಟಾ ಇರೋದು ಜರ್ಮನಿಯ ಪದ್ಧತಿ, ಅಲ್ಲಿ ಕಂಪನಿಯಲ್ಲಿ ಕೆಲಸ ಕಲಿಯೋ ಹುಡುಗರಿಗೆ ಕಂಪನಿನೇ ತಿಂಗಳು ತಿಂಗಳು ದುಡ್ಡು ಕೊಡುತ್ತೆ, ವಾರದಲ್ಲಿ ಒಂದೆರಡು ದಿನ ಶಾಲೆ, 2020ರಿಂದ ಇಷ್ಟಕ್ಕಿಂತ ಕಮ್ಮಿ ಕೊಡೋ ಹಾಗಿಲ್ಲ ಅಂತ ಕಾನೂನೇ ಇದೆ. ನೀವಿರೋ ಕಡೆ ಅಪ್ರೆಂಟಿಸ್ ಅವಕಾಶ ಇದ್ರೆ ಕಾಲೇಜು ಫೀಸು ಕಟ್ಟೋಕೆ ಮುಂಚೆ ಅದನ್ನ ನೋಡಿ.

ಪ್ರಶ್ನೆ: ನಮ್ಮ ಮನೇಲಿ ಯಾರೂ ಓದಿಲ್ಲ. ಸ್ಕಾಲರ್‌ಶಿಪ್ ಫಾರಂ ನೋಡಿದ್ರೆ ಭಯ ಆಗುತ್ತೆ, ಆದಾಯ ಅಂತ ಏನು ಬರೀಬೇಕು ಅಂತಾನೇ ಗೊತ್ತಾಗಲ್ಲ. ಬಿಟ್ಟುಬಿಡೋಣ ಅಂದ್ಕೊಂಡಿದೀನಿ.

ಬಿಡಬೇಡಿ ತಂಗಿ, ಇದು ನಿಮ್ಮೊಬ್ಬರ ಸಮಸ್ಯೆ ಅಲ್ಲ. 2008ರಲ್ಲಿ ಅಮೆರಿಕದ ಸಂಶೋಧಕರು ಒಂದು ಪ್ರಯೋಗ ಮಾಡಿದ್ರು, ಟ್ಯಾಕ್ಸ್ ರಿಟರ್ನ್ ತುಂಬಿಸಿಕೊಳ್ಳೋಕೆ ಬಂದ ಸಂಸಾರಗಳಲ್ಲಿ ಕೆಲವರಿಗೆ ಅಲ್ಲೇ ಕೂರಿಸಿ ಓದಿನ ನೆರವಿನ ಫಾರಂನೂ ತುಂಬಿಸಿಕೊಟ್ರು, ಕೆಲವರಿಗೆ ನಿಮಗೆ ಎಷ್ಟು ಸಿಗಬಹುದು ಅನ್ನೋ ಮಾಹಿತಿ ಮಾತ್ರ ಕೊಟ್ಟು ಕಳಿಸಿದ್ರು. ಫಾರಂ ತುಂಬಿಸಿಕೊಟ್ಟ ಮನೆಗಳಲ್ಲಿ ಮಕ್ಕಳು ಕಾಲೇಜಿಗೆ ಹೋಗಿದ್ದು ಜಾಸ್ತಿ ಆಯ್ತು, ಬರೀ ಮಾಹಿತಿ ಕೊಟ್ಟವರಲ್ಲಿ ಅಂಥ ವ್ಯತ್ಯಾಸ ಏನೂ ಆಗ್ಲಿಲ್ಲ. ಅಂದ್ರೆ ನಿಮಗೆ ಬೇಕಾಗಿರೋದು ಸಲಹೆ ಅಲ್ಲ, ನಾನು ಇಲ್ಲಿ ಬರೆಯೋದೂ ಅಲ್ಲ, ಪಕ್ಕದಲ್ಲಿ ಕೂತು ತುಂಬಿಸೋ ಒಬ್ಬ ಮನುಷ್ಯ. ಸಣ್ಣ ಕಾಲೇಜಿನ ದೊಡ್ಡ ಅನುಕೂಲ ಇದೇ, ಆಫೀಸಲ್ಲಿ ಕೂತಿರೋರು ಒಬ್ಬರೋ ಇಬ್ಬರೋ, ಅವರಿಗೆ ಎಲ್ಲರ ಮುಖ ಗೊತ್ತಿರುತ್ತೆ. ಇರೋ ಕಾಗದ ಎಲ್ಲಾ ಹಿಡ್ಕೊಂಡು ರಶ್ ಇಲ್ಲದ ಮಧ್ಯಾಹ್ನ ಹೋಗಿ ಇವತ್ತು ತುಂಬಿಸಿಕೊಡಿ ಅನ್ನಿ. ಕೂಲಿ ಆದಾಯ ತಿಂಗಳಿಂದ ತಿಂಗಳಿಗೆ ಏರುಪೇರು ಅಂದ್ರೆ ಅದನ್ನೇ ಹೇಳಿ, ಅದಕ್ಕೆ ಯಾವ ಸರ್ಟಿಫಿಕೇಟ್ ಬೇಕು ಅಂತ ಅವರಿಗೆ ಗೊತ್ತಿರುತ್ತೆ. ಸಲ್ಲಿಸಿದ ಮೇಲೆ ಅರ್ಜಿ ನಂಬರ್ ಇರೋ ಪೇಜನ್ನ ಫೋಟೋ ತೆಗೆದಿಟ್ಕೊಳ್ಳಿ. ಕೊನೇ ತಾರೀಖಿನ ದಿನ ವೆಬ್‌ಸೈಟ್ ಕೆಲಸ ಮಾಡಲ್ಲ, ಇದನ್ನ ಪ್ರಕೃತಿ ನಿಯಮ ಅಂತಾನೇ ಇಟ್ಕೊಳ್ಳಿ.

ಪ್ರಶ್ನೆ: ಫೀಸು ಪೂರ್ತಿ ಮಾಫಿ ಆಗಿದೆ. ಆದ್ರೂ ಓಡಾಟದ ಖರ್ಚಿಗೆ ಸಾಲ್ತಿಲ್ಲ, ಬಿಡೋ ಹಾಗಾಗಿದೆ.

ಬಿಡೋಕೆ ಮುಂಚೆ ಪ್ರಿನ್ಸಿಪಾಲರಿಗೆ ಬರೆದುಕೊಡಿ, ಎಷ್ಟು ಬೇಕು ಅಂತ ಮೊತ್ತ ಹಾಕಿ. ನ್ಯೂಯಾರ್ಕ್ ನಗರದ ಕಮ್ಯುನಿಟಿ ಕಾಲೇಜುಗಳಲ್ಲಿ (ಎರಡು ವರ್ಷದ ಕೋರ್ಸಿನ ಸರ್ಕಾರಿ ಕಾಲೇಜುಗಳು) 2007ರಲ್ಲಿ ಅಸಾಪ್ ಅಂತ ಒಂದು ಕಾರ್ಯಕ್ರಮ ಶುರು ಮಾಡಿದ್ರು, ಫೀಸಲ್ಲಿ ಬಾಕಿ ಬಿದ್ದಿದ್ದನ್ನ ತುಂಬೋದು, ಪುಸ್ತಕ, ಓಡಾಟಕ್ಕೆ ಪಾಸು, ಮತ್ತೆ ಆಗಾಗ ಕರೆದು ಮಾತಾಡಿಸೋ ಒಬ್ರು ಸಲಹೆಗಾರರು. ಮೂರು ವರ್ಷದಲ್ಲಿ ಮುಗಿಸಿದವರು ಬೇರೆಯವರಲ್ಲಿ 22 ಪರ್ಸೆಂಟ್ ಆದ್ರೆ ಇವರಲ್ಲಿ 40. ಪಾಸ್ ಒಂದರಿಂದಲೇ ಆಯ್ತು ಅಂತಲ್ಲ, ಎಲ್ಲಾ ಸೇರಿ. ಸಣ್ಣ ಕಾಲೇಜಿಗೆ ಅಷ್ಟೆಲ್ಲ ಮಾಡೋ ಶಕ್ತಿ ಇರಲ್ಲ, ಆದ್ರೆ ವರ್ಕ್‌ಶಾಪ್ ಸ್ಟೋರ್ ನೋಡ್ಕೊಳ್ಳೋ ಕೆಲಸ ಕೊಟ್ಟು ಗಂಟೆಗಿಷ್ಟು ಅಂತ ಕೊಡೋದು, ಹಳೇ ವಿದ್ಯಾರ್ಥಿಗಳ ಹತ್ರ ಎತ್ತಿ ಕೊಡೋದು, ಇದು ಆಗುತ್ತೆ. ಕೇಳದೇ ಇದ್ರೆ ಅವರಿಗೆ ಗೊತ್ತಾಗೋದು ನೀವು ಬಿಟ್ಟ ಮೇಲೇನೇ.

ಪ್ರಶ್ನೆ: ಆರೋಗ್ಯ ಸರಿ ಇಲ್ಲದೆ ಮಗಳು ನಾಲ್ಕು ತಿಂಗಳಿಗೇ ಕೋರ್ಸ್ ಬಿಟ್ಟಳು. ಕಾಲೇಜಿನವರು ಇಡೀ ವರ್ಷದ ಫೀಸು ಕಟ್ಟು ಅಂತಾರೆ, ಮಾರ್ಕ್ಸ್ ಕಾರ್ಡ್ ಒರಿಜಿನಲ್ ಅವರ ಹತ್ರ ಇದೆ.

ಮೊದಲು ಒಂದು ಪ್ರಶ್ನೆ, ಬಿಡ್ತೀವಿ ಅಂತ ಬರೆದುಕೊಟ್ಟಿದೀರಾ? ಬರೀ ಹೋಗೋದು ನಿಲ್ಲಿಸಿದ್ರೆ ಎಷ್ಟೋ ಕಡೆ ದಾಖಲೆಯಲ್ಲಿ ಇನ್ನೂ ವಿದ್ಯಾರ್ಥಿನೇ, ಮೀಟರ್ ಓಡ್ತಾನೇ ಇರುತ್ತೆ. ಇವತ್ತೇ ಪತ್ರ ಬರೆದು, ಕೊನೆಯದಾಗಿ ಕ್ಲಾಸಿಗೆ ಹೋದ ತಾರೀಖು ಹಾಕಿ, ಡಾಕ್ಟರ್ ಸರ್ಟಿಫಿಕೇಟ್ ಲಗತ್ತಿಸಿ, ಕೊಟ್ಟಿದ್ದಕ್ಕೆ ಸೀಲ್ ಹಾಕಿಸ್ಕೊಳ್ಳಿ ಇಲ್ಲಾ ತಲುಪಿದ್ದಕ್ಕೆ ದಾಖಲೆ ಸಿಗೋ ಪೋಸ್ಟಲ್ಲಿ ಕಳಿಸಿ. ಆಮೇಲೆ ಸೇರುವಾಗ ಸಹಿ ಹಾಕಿದ ಕಾಗದದಲ್ಲಿ ರೀಫಂಡ್ ಬಗ್ಗೆ ಏನಿದೆ ನೋಡಿ, ಮತ್ತೆ ಕಾಲೇಜಿಗೆ ಮಾನ್ಯತೆ ಕೊಟ್ಟ ಇಲಾಖೆ ಅಥವಾ ಮಂಡಳಿಯ ರೀಫಂಡ್ ನಿಯಮ ಏನಿದೆ ನೋಡಿ, ಎರಡೂ ಬೇರೆ ಬೇರೆ ಹೇಳ್ತಿದ್ರೆ ಕಾಲೇಜು ಬರೆದುಕೊಂಡಿದ್ದು ಮಂಡಳಿ ನಿಯಮದ ಮುಂದೆ ನಿಲ್ಲೋದು ಕಷ್ಟ.

ಸ್ಕಾಲರ್‌ಶಿಪ್ ಬಂದಿದ್ರೆ ಅದನ್ನೂ ವಿಚಾರಿಸಿ. ಮಧ್ಯದಲ್ಲಿ ಬಿಟ್ರೆ ನೆರವಿನ ದುಡ್ಡನ್ನ ಓದಿದ ದಿನಗಳ ಲೆಕ್ಕದಲ್ಲಿ ಹಂಚೋ ಪದ್ಧತಿ ಇರುತ್ತೆ. ಅಮೆರಿಕದ ಕೇಂದ್ರ ಸರ್ಕಾರದ ನೆರವಲ್ಲಿ ಟರ್ಮಿನ 30 ಪರ್ಸೆಂಟಿಗೆ ಬಿಟ್ರೆ ನೆರವಿನ 30 ಪರ್ಸೆಂಟ್ ಮಾತ್ರ ವಿದ್ಯಾರ್ಥಿ ಗಳಿಸಿದ್ದು, 60 ಪರ್ಸೆಂಟ್ ದಾಟಿದ ಮೇಲೆ ಪೂರ್ತಿ ಗಳಿಸಿದ ಹಾಗೆ. ವಾಪಸ್ ಹೋದ ನೆರವಿನ ಜಾಗಕ್ಕೆ ಕಾಲೇಜು ನಿಮ್ಮ ಮೇಲೆ ಬಾಕಿ ತೋರಿಸಬಹುದು, ನಿಮಗೆ ಬಂದಿರೋ ಬಿಲ್ಲು ಇಂಥದ್ದಾ ಅಥವಾ ಸುಮ್ಮನೆ ಇಡೀ ವರ್ಷದ್ದು ಹಾಕಿದಾರಾ ಅಂತ ಬಿಡಿಸಿ ಕೇಳಿ, ಬರವಣಿಗೆಯಲ್ಲಿ. ಮಾರ್ಕ್ಸ್ ಕಾರ್ಡ್ ಒರಿಜಿನಲ್ ಇಟ್ಕೊಂಡು ಫೀಸು ವಸೂಲಿ ಮಾಡೋದನ್ನ ಮಾತ್ರ ಒಪ್ಪಬೇಡಿ, ಫೀಸಿನ ಜಗಳ ಬೇರೆ, ಅವಳ ದಾಖಲೆ ಬೇರೆ. ಪತ್ರದಲ್ಲಿ ಎರಡನ್ನೂ ಒಂದೇ ಕಡೆ ಬರೀಬೇಡಿ, ದಾಖಲೆ ವಾಪಸ್ ಕೊಡಿ ಅಂತ ಒಂದು ಪತ್ರ, ಫೀಸಿನ ಲೆಕ್ಕ ಕೊಡಿ ಅಂತ ಇನ್ನೊಂದು, ಎರಡರ ಪ್ರತಿಯೂ ಮಾನ್ಯತೆ ಕೊಟ್ಟ ಕಚೇರಿಗೆ. ಅಲ್ಲಿಗೆ ಪ್ರತಿ ಹೋಗಿದೆ ಅಂತ ಪತ್ರದ ಕೆಳಗೆ ಬರೆದಿರೋದನ್ನ ನೋಡಿದ್ರೇ ಎಷ್ಟೋ ಕಾಲೇಜುಗಳು ಫೋನ್ ಮಾಡ್ತವೆ. ಫೋನಲ್ಲಿ ಏನು ಒಪ್ಪಿಕೊಂಡ್ರೂ ಅದನ್ನ ಇಮೇಲಲ್ಲಿ ಹಾಕಿ ಅನ್ನಿ, ಬಂದ ಮೇಲೆ ಮುಂದಿನ ಮಾತು.